ತಿದ್ದದೆ ಕೊಟ್ಟ ಫೋಟೋಗಳು

ಕ್ಯಾಮೆರಾ ಕೈಯಲ್ಲಿರಲಿ ಬಿಡಲಿ, ಅವರ ಎಡಗಣ್ಣು ಅರ್ಧ ಮುಚ್ಚಿಯೇ ಇರುತ್ತಿತ್ತು. ಚಹಾ ಕುಡಿಯುವಾಗಲೂ ಎದುರಿಗಿದ್ದವರನ್ನು ಒಂದೇ ಕಣ್ಣಲ್ಲಿ ಅಳೆಯುತ್ತಿದ್ದರು. "ಯಣ್ಣಾ, ನನ್ನ ಮಾರಿ ಮ್ಯಾಲ ಬೆಳಕು ಸಾಕೇನು?" ಎಂದು ನಮ್ಮವ್ವ ಕಾಡುತ್ತಿದ್ದಳು. ಸಿಂಧನೂರಿನಲ್ಲಿ ಅವರದೊಂದು ಸಣ್ಣ ಸ್ಟುಡಿಯೋ. ನಾವೆಲ್ಲ ಅವರನ್ನು ಸ್ಟುಡಿಯೋ ಕಾಕಾ ಅಂತಲೇ ಕರೆಯುತ್ತಿದ್ದೆವು.

ಜವಳಗೇರಾದಿಂದ ಮಸ್ಕಿಯವರೆಗೆ ಯಾರ ಮದುವೆಯಿದ್ದರೂ ಅವರೇ ಬೇಕು. ಅವರ ಆಲ್ಬಂನಲ್ಲಿ ಭತ್ತದ ಗದ್ದೆಯ ಹುಡುಗಿ ಹಿಮದ ಬೆಟ್ಟದ ಮುಂದೆ ನಿಲ್ಲುತ್ತಿದ್ದಳು, ಬಿಸಿಲಿಗೆ ಸುಟ್ಟ ಮದುಮಗ ಹಾಲಿನಂತೆ ಬೆಳ್ಳಗಾಗುತ್ತಿದ್ದ. "ಮದುವಿ ಒಂದ ದಿನದ್ದು, ಆಲ್ಬಂ ಸಾಯೋ ತನಕ," ಅನ್ನುವುದು ಅವರ ಮಾತು. ನನ್ನ ಮದುವೆಯನ್ನೂ ಹಾಗೆಯೇ ಸಿಂಗರಿಸಿದರು. ನೆಂಟರನ್ನೆಲ್ಲ ಕತ್ತರಿಸಿ ತೆಗೆದು, ನಮ್ಮಿಬ್ಬರನ್ನೇ ಸ್ವಿಟ್ಜರ್ಲೆಂಡಿಗೆ ಕಳಿಸಿಬಿಟ್ಟಿದ್ದರು. ನಾನಂತೂ ಹಿಗ್ಗಿ ಹೀರೇಕಾಯಿಯಾಗಿದ್ದೆ.

ನನ್ನ ಗಂಡ ಅಮೆರಿಕದ ಆಸ್ಪತ್ರೆಯೊಂದರಲ್ಲಿ ನರ್ಸ್. ಮದುವೆಯ ರಜೆ ಮುಗಿಸಿ ಹೋದವರು ನನ್ನ ವೀಸಾದ ದಾರಿ ಕಾಯುತ್ತಿದ್ದರು. ಕೊನೆಗೂ ಮುಂಬೈಯಲ್ಲಿ ಸಂದರ್ಶನ ಗೊತ್ತಾಯಿತು. ಮದುವೆ ನೋಂದಣಿ ಪತ್ರ, ಲಗ್ನಪತ್ರಿಕೆ ಎಲ್ಲ ಸಿದ್ಧವಾದವು. ಮದುವೆ ನಿಜವೆಂದು ತೋರಿಸುವ ಫೋಟೋಗಳೂ ಬೇಕಿದ್ದವು. ನಾನು ಕಳಿಸಿದ ಆಲ್ಬಂ ಪುಟಗಳನ್ನು ನೋಡಿ ಗಂಡ ಗಾಬರಿಯಾದರು: "ಇವನ್ನ ತೋರಿಸಿದ್ರ ಮದುವಿನೇ ಸುಳ್ಳು ಅಂತಾರ!"

ಅಳುತ್ತಲೇ ಸ್ಟುಡಿಯೋಗೆ ಓಡಿದೆ. ಮೂಲ ಚಿತ್ರ ಕೇಳಿದರೆ ಕಾಕಾರ ಮುಖ ಇಳಿಯಿತು. ಆಲ್ಬಂ ಕೊಟ್ಟ ಮೇಲೆ ಅವನ್ನೆಲ್ಲ ಅಳಿಸಿಹಾಕುವುದು ಅವರ ರೂಢಿ.

"ಕಾಕಾ, ವೀಸಾ ಸಿಗಲಿಲ್ಲಂದ್ರ ನನ್ನ ಸಂಸಾರದ ಗತಿ ಏನ್ರಿ?"

"ಅಳಬ್ಯಾಡವ್ವಾ. ಛಂದ ಮಾಡಾಕ ಹೋಗಿ ನಾ ಕೆಡಿಸೀನಿ. ನಾನ ತರ್ತೀನಿ."

ಲಗ್ನದ ಸೀಜನ್ ಬೇರೆ. ಅಂಥದ್ದರಲ್ಲಿ ಅಂಗಡಿಗೆ ಬೀಗ ಜಡಿದು ಬೈಕ್ ಹತ್ತಿದರು. ಮುಕ್ಕುಂದ, ಮಸ್ಕಿ, ಲಿಂಗಸುಗೂರು ಅಂತ ನನ್ನ ಮದುವೆಗೆ ಬಂದಿದ್ದವರ ಮನೆಮನೆಗೆ ಹೋಗಿ, "ನಿಮ್ಮ ಮೊಬೈಲ್‌ನ್ಯಾಗ ಏನರ ಐತೇನ್ರಿ?" ಎಂದು ಕೇಳಿದರಂತೆ. ಫೋಟೋ ತೆಗೆಯುವವರೇ ಬಂದು ಫೋಟೋ ಬೇಡುವುದೆಂದರೆ! ಜನ ನಕ್ಕರು. "ನಗ್ರಿ, ನಕ್ಕೋಂತನ ಹುಡುಕ್ರಿ," ಅಂದರಂತೆ ಪುಣ್ಯಾತ್ಮ.

ತಂದ ಚಿತ್ರಗಳನ್ನು ನೋಡಬೇಕು! ಒಂದರಲ್ಲಿ ಯಾರದೋ ಹೆಬ್ಬೆರಳು, ಒಂದರಲ್ಲಿ ಬಾಯ್ತುಂಬ ಹೋಳಿಗೆ ತುಂಬಿಕೊಂಡ ನಾನು, ಮತ್ತೊಂದರಲ್ಲಿ ನೆಂಟರ ನಡುವೆ ಬೆವರಿಳಿಸುತ್ತ ನಿಂತ ನನ್ನ ಗಂಡ. ಕಾಕಾ ಒಂದನ್ನೂ ತಿದ್ದದೆ ಪ್ರಿಂಟ್ ಹಾಕಿಕೊಟ್ಟರು. ಅವರಿಗೆ ಅದೆಷ್ಟು ಸಂಕಟವಾಗಿತ್ತೋ, ಆ ದೇವರಿಗೇ ಗೊತ್ತು.

ಮುಂಬೈಯಲ್ಲಿ ಅಧಿಕಾರಿ ಒಂದೊಂದನ್ನೇ ನೋಡುತ್ತ ಬಂದು, ನನ್ನನ್ನು ಗಂಡನ ಮನೆಗೆ ಕಳಿಸುವ ಹೊತ್ತಿನ ಚಿತ್ರದ ಮೇಲೆ ಬೆರಳಿಟ್ಟರು. ಆ ಗಳಿಗೆಯ ಚಿತ್ರ ಆಲ್ಬಂನಲ್ಲಿ ಇರಲೇ ಇಲ್ಲ. ಅವ್ವ ನನ್ನನ್ನು ಅಪ್ಪಿಕೊಂಡಿದ್ದಳು. ಪಕ್ಕದಲ್ಲಿ ಕಾಕಾ, ಕ್ಯಾಮೆರಾ ಕೊರಳಲ್ಲಿ ಇಳಿಬಿಟ್ಟು, ಟವೆಲ್ಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಈ ಚಿತ್ರ ಕೈಗೆ ಬರುವವರೆಗೆ ಅವರು ಅತ್ತದ್ದು ನನಗೇ ಗೊತ್ತಿರಲಿಲ್ಲ.

"ಇವರು ನಿಮ್ಮ ತಂದೆಯೇ?" ಎಂದು ಅಧಿಕಾರಿ ಕೇಳಿದರು.

"ಅಲ್ಲ, ಫೋಟೋ ತೆಗೆಯೋಕೆ ಬಂದವರು," ಅಂದೆ. ಅವರು ಮುಗುಳ್ನಕ್ಕು ನನ್ನ ಪಾಸ್‌ಪೋರ್ಟ್ ಇಟ್ಟುಕೊಂಡರು. ವೀಸಾ ಆಯಿತು.

ಹೋದ ವರ್ಷ ಕಾಕಾ ತೀರಿಕೊಂಡರು. ಅವರ ಹೆಂಡತಿ ಕಾಕಿ ಫೋನ್ ಮಾಡಿ ಅತ್ತರು. "ಊರ ಮಂದೀದೆಲ್ಲಾ ಫೋಟೋ ತಗದ್ರು, ತಮ್ಮದೊಂದು ಛಲೋದು ತಗಿಸ್ಲಿಲ್ಲವ್ವಾ. ಹಾರ ಹಾಕಾಕ ಏನೂ ಇಲ್ಲ." ನನ್ನ ಬಳಿಯಿದ್ದ ಕಾಕಾರ ಅದೊಂದೇ ಚಿತ್ರವನ್ನು ಕಳಿಸಿದೆ. ಈಗ ಅವರ ಮನೆಯ ಗೋಡೆಯ ಮೇಲೆ, ಹಾರದೊಳಗೆ, ಕಾಕಾ ನನ್ನ ಮದುವೆಯಲ್ಲಿ ಅಳುತ್ತಿದ್ದಾರೆ.