ಅಪ್ಪನ ಎಡಗಡೆಯ ಸವಾರ

ನಮ್ಮ ಕಡೆಯ ಜನ ಸೈಕಲ್ಲನ್ನು ಇನ್ನೂ ನಿಂತು ನೋಡುತ್ತಿದ್ದ ಕಾಲ ಅದು. ನಿಜಾಮರ ರಾಜ್ಯ. ಬೀದರಿನ ಓಣಿಯಲ್ಲಿ ಸೈಕಲ್ಲಿನ ಗಂಟೆ ಕೇಳಿಸಿದರೆ ಅಂಗಡಿಯೊಳಗಿದ್ದವರು ಕತ್ತು ಹೊರಗೆ ಹಾಕುತ್ತಿದ್ದರು. ಬಂದವನು ನನ್ನ ಅಪ್ಪನಾಗಿದ್ದರೆ, "ಗುರಪ್ಪ ಹೊಂಟಾನ ನೋಡ್ರಿ" ಎನ್ನುತ್ತಿದ್ದರು. ಆಗ ನನಗೆ ಹನ್ನೊಂದು ವರ್ಷ. ಆ ಮಾತು ಕೇಳಿಸಿದಾಗಲೆಲ್ಲ ಗಜಗದ ಆಟ ಬಿಟ್ಟು ಬಾಗಿಲಿಗೆ ಓಡುತ್ತಿದ್ದೆ.

ಅಪ್ಪನ ಹೊಟ್ಟೆಪಾಡೇ ಸೈಕಲ್ಲು. ಹದಿನಾರನೆಯ ವಯಸ್ಸಿಗೆ ಔರಾದ ಕಡೆಯ ಚಿಂತಾಕಿಯಿಂದ ಕೆಲಸ ಹುಡುಕಿಕೊಂಡು ಬೀದರಿಗೆ ಬಂದು, ಖಾಸೀಂ ಉಸ್ತಾದರ ಸೈಕಲ್ ದುಕಾನಿನಲ್ಲಿ ಕಸ ಹೊಡೆಯಲು ನಿಂತವನು. ಕೋಟೆಯ ಇಳಿಜಾರಿನಲ್ಲಿ ಅವನು ಸೈಕಲ್ ಬಿಡುವುದನ್ನು ನೋಡಿ ಉಸ್ತಾದರು ಕಸಬರಿಗೆ ಕಸಿದುಕೊಂಡರಂತೆ. ಅಂದಿನಿಂದ ಇಪ್ಪತ್ತೆರಡು ವರ್ಷ ಅಪ್ಪ ಅವರ ಪಂದ್ಯದ ಪಾರ್ಟಿಯ ಸವಾರ. ಭಾಲ್ಕಿಯ ಪಂದ್ಯ, ಔರಾದಿನ ಪಂದ್ಯ, ಒಮ್ಮೆ ಹೈದರಾಬಾದು ಶಹರದ ಪಂದ್ಯ ಕೂಡ ಗೆದ್ದು ಬಂದಿದ್ದ.

ಎಲ್ಲಕ್ಕಿಂತ ದೊಡ್ಡದು ಚಳಿಗಾಲದಲ್ಲಿ ಔರಾದಿನಿಂದ ಬೀದರಿಗೆ ನಡೆಯುತ್ತಿದ್ದ ಜೋಡಿ ಪಂದ್ಯ. ಒಂದೊಂದು ಪಾರ್ಟಿಯಿಂದ ಇಬ್ಬರು ಸವಾರರು. ಇಬ್ಬರೂ ಬಂದು ಮುಟ್ಟಿದರೆ ಮಾತ್ರ ಪಾರ್ಟಿಗೆ ಗೆಲುವು. ಎಲ್ಲರಿಗಿಂತ ಮೊದಲು ಬಂದ ಒಬ್ಬ ಸವಾರನಿಗೆ ಬೇರೆಯಾಗಿ ಜರಿ ರುಮಾಲು ಸುತ್ತುತ್ತಿದ್ದರು. ನಡುವೆ ಮಾಂಜ್ರಾ ಹೊಳೆ. ಆಗ ಸೇತುವೆ ಇರಲಿಲ್ಲ. ಸೈಕಲ್ಲನ್ನು ಹೆಗಲಿಗೇರಿಸಿಕೊಂಡು ನೀರು ಹಾಯಬೇಕು.

ಪಂದ್ಯಕ್ಕೆ ತಿಂಗಳಿದೆ ಎನ್ನುವಾಗ ಅಪ್ಪ ನಸುಕಿನಲ್ಲಿ ಅಷ್ಟೂರಿನ ದಾರಿಯಲ್ಲಿ ತಾಲೀಮು ಶುರು ಮಾಡುತ್ತಿದ್ದ. ಭಾರ ಹೊತ್ತು ತುಳಿದರೆ ಕಾಲು ಗಟ್ಟಿಯಾಗುತ್ತವೆಂದು ನನ್ನನ್ನು ಮುಂದಿನ ದಾಂಡಿಯ ಮೇಲೆ ಕೂರಿಸಿಕೊಳ್ಳುತ್ತಿದ್ದ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಳ್ಳೆಣ್ಣೆಯ ವಾಸನೆ ಅವನ ಮೈಯಿಂದ ಬರುತ್ತಿತ್ತು. ದಾರಿಯ ಹೊಲಗಳಲ್ಲಿ ಎಳೆ ಜೋಳ ಸುಟ್ಟು ಸೀತನಿ ಮಾಡುವವರು ನಮ್ಮನ್ನು ತಡೆದು ನಿಲ್ಲಿಸಿ, ಬಿಸಿ ಕಾಳನ್ನು ನನ್ನ ಉಡಿಗೆ ಹಾಕುತ್ತಿದ್ದರು.

ಆ ವರ್ಷ ಒಂದು ಬೆಳಿಗ್ಗೆ, ಚೆನ್ನಾಗಿ ಬೆಳಕಾದ ಮೇಲೆ, ಎಡಬದಿಯಲ್ಲಿ ಎಮ್ಮೆಯೊಂದು ನಿಂತಿತ್ತು. ದೂರದಿಂದಲೇ ಅದು ನನಗೆ ಕಂಡಿತ್ತು. ಅಪ್ಪ ಬಳಸಿಕೊಂಡು ಹೋಗುತ್ತಾನೆ ಎಂದುಕೊಂಡೆ. ಅವನು ನೇರ ಅದರ ಮೇಲೆಯೇ ಹೊರಟ. ನಾನು ಕಿರುಚಿದೆ. ಅಪ್ಪ ಹ್ಯಾಂಡಲ್ ತಿರುವಿದ. ಇಬ್ಬರೂ ಹೋಗಿ ಕುಸುಬಿಯ ಹೊಲದಲ್ಲಿ ಬಿದ್ದೆವು. ನನ್ನ ಲಂಗದ ತುಂಬ ಮುಳ್ಳು.

"ಎಮ್ಮಿ ಎಲ್ಲಿಂದ ಬಂತು?" ಎಂದು ಕೇಳಿದ.

"ಅಲ್ಲೇ ನಿಂತಿತ್ತಲ್ಲಪ್ಪಾ."

ಅಪ್ಪ ನನ್ನ ಲಂಗ ಹಿಡಿದು ಕುಳಿತ. ಒಂದೊಂದೇ ಮುಳ್ಳು ಕಿತ್ತು ಮುಗಿಸಿದ ಮೇಲೆ ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ನನ್ನ ಕಡೆ ಮುಖ ಮಾಡಿದ. "ಶಾಂತವ್ವಾ, ನಿನ್ನ ಲಂಗದ ಬಣ್ಣ ಯಾವುದವ್ವಾ?"

"ಕೆಂಪು."

"ನನಗ ಬರೇ ಹೊಗಿ ಕಾಣ್ತದ."

ಹೊರಗಿನಿಂದ ನೋಡಿದರೆ ಆ ಎಡಗಣ್ಣಿಗೆ ಏನೂ ಆಗಿರಲಿಲ್ಲ. ಬಲಗಣ್ಣಿನಷ್ಟೇ ಹೊಳೆಯುತ್ತಿತ್ತು. "ಅವ್ವನ ಮುಂದ ಅನಬ್ಯಾಡ. ಯಾರ ಮುಂದೂ ಅನಬ್ಯಾಡ" ಎಂದು ಅಪ್ಪ ನನ್ನ ಕೈ ಹಿಡಿದು ಹೇಳಿದ. ನಾನು ತಲೆಯಾಡಿಸಿದೆ. ಮರುದಿನದಿಂದ ದಾಂಡಿಯ ಮೇಲೆ ಕುಳಿತು "ಎಡಕ ಕಲ್ಲು, ಎಡಕ ತಗ್ಗು" ಎಂದು ಹೇಳುವುದೇ ನನ್ನ ಕೆಲಸವಾಯಿತು. ಸೀತನಿ ರುಚಿಸುತ್ತಿರಲಿಲ್ಲ. ಒಂದು ಸಲ ಕಣ್ಣು ಮಿಟುಕಿಸಿದರೂ ಏನೋ ತಪ್ಪಿಹೋಗುತ್ತದೆ ಎಂಬ ಹೆದರಿಕೆ.

ಅದೇ ವಾರ ಭಾಲ್ಕಿಯ ಹತ್ತಿ ಸಾಹುಕಾರರ ಮುನೀಮ ನಮ್ಮ ಮನೆಗೆ ಬಂದ. ಕರಿ ಟೋಪಿ, ಹೆಗಲ ಮೇಲೆ ಮಡಿಸಿದ ಶಾಲು. ಪಡಸಾಲೆಯಲ್ಲಿ ಕುಳಿತು ಚಹಾ ಕುಡಿದು ಹೇಳಿದ: "ಗುರಪ್ಪಾ, ಸಾಹುಕಾರ್ರು ಹೊಸ ಪಾರ್ಟಿ ಕಟ್ಯಾರ. ವಿಲಾಯತಿ ಸೈಕಲ್ ತರಿಸ್ಯಾರ. ಮುಂದ ನೀ ಇರಬೇಕು ಅಂತಾರ. ಇರಲಿಕ್ಕ ಮನಿ ಕೊಡ್ತಾರ. ನಾಳಿ ಕಾಲು ನಿಂತ ಮ್ಯಾಲೂ ಗಿರಣ್ಯಾಗ ನಿನಗ ಕಾಯಂ ಕೆಲಸ. ಎಂಟು ದಿನ ಟೈಮು ಕೊಡ್ತೇನಿ."

ಅವನು ಹೋದ ಮೇಲೆ ಅವ್ವ ಬಾಗಿಲ ಹಿಂದಿನಿಂದ ಬಂದಳು. "ಮೂವತ್ತೆಂಟು ಆದವು ನಿಮಗ. ಉಸ್ತಾದ್ರು ಛಲೋ ಮನುಷ್ಯಾರ, ಅಲ್ಲ ಅನ್ನಂಗಿಲ್ಲ. ಖರೇ ಕಾಲು ಸೋತ ಮ್ಯಾಲ ಅವರರೇ ಏನು ಕೊಡ್ತಾರ? ಹೂಂ ಅನ್ರಿ."

ಅಪ್ಪ ಹೂಂ ಅನ್ನಲೂ ಇಲ್ಲ, ಒಲ್ಲೆ ಅನ್ನಲೂ ಇಲ್ಲ. ಉಸ್ತಾದರೂ ಅವನನ್ನು ತಡೆಯಲಿಲ್ಲ. "ಹೋಗು ಗುರಪ್ಪಾ. ನಾ ಬ್ಯಾಡ ಅನ್ನಂಗಿಲ್ಲ" ಎಂದಷ್ಟೇ ಹೇಳಿದರಂತೆ. ಐದನೆಯ ದಿನ ಅಪ್ಪ ಅವ್ವನಿಗೆ, "ಗಂಟು ಕಟ್ಟಾಕ ಶುರು ಮಾಡು" ಎಂದ. ಅವ್ವ ಹಿಗ್ಗಿನಿಂದ ಪಾತ್ರೆ ತಿಕ್ಕತೊಡಗಿದಳು. ನನ್ನ ಹೆದರಿಕೆ ಬೇರೆ. ಭಾಲ್ಕಿಯ ಪಾರ್ಟಿಯಲ್ಲಿ ಅಪ್ಪ ಮುಂದೆ ಇರಬೇಕು. ಮಾಂಜ್ರಾದ ಇಳಿಜಾರನ್ನು ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಇಳಿಯಬೇಕು. ಆಗ ದಾಂಡಿಯ ಮೇಲೆ ನಾನಿರುವುದಿಲ್ಲ.

ಅಪ್ಪ ಮನೆಯಲ್ಲಿಲ್ಲದ ಹೊತ್ತು ನೋಡಿ ದುಕಾನಿಗೆ ಓಡಿದೆ. ಉಸ್ತಾದರು ಟ್ಯೂಬನ್ನು ನೀರಿನ ಬುಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಎಲ್ಲಿ ಏಳುತ್ತವೆಂದು ನೋಡುತ್ತಿದ್ದರು. ಅಂಗಡಿಯ ತುಂಬ ರಬ್ಬರಿನ ಅಂಟಿನ ವಾಸನೆ. ನಾನು ಅಳುತ್ತಲೇ ಎಲ್ಲ ಹೇಳಿಬಿಟ್ಟೆ.

ಉಸ್ತಾದರು ನೀರಿನಿಂದ ಕೈ ತೆಗೆಯಲಿಲ್ಲ. "ನನಗ ಮಾಲೂಮದ ಬೇಟಿ. ಎರಡು ವರ್ಷ ಆಯ್ತು. ದುಕಾನ್ಯಾಗ ಎಡಗಡಿ ಇಟ್ಟ ಸಾಮಾನು ಅವಗ ಕಾಣ್ತಿದ್ದಿಲ್ಲ."

ನನ್ನ ಅಳು ನಿಂತುಹೋಯಿತು.

"ರಸೂಲ ಯಾವಾಗ್ಲೂ ನಿಮ್ಮಪ್ಪನ ಎಡಗಡೀನೇ ಇರ್ತಾನ, ನೋಡಿಯೇನು? ನಾನೇ ಹೇಳೀನಿ. ಏನರೇ ಆಗ್ಲಿ, ಎಡಗಡಿ ಬಿಟ್ಟು ಕದಲಬ್ಯಾಡ ಅಂತ."

ರಸೂಲ ಅವರ ತಂಗಿಯ ಮಗ. ಹತ್ತೊಂಬತ್ತರ ಹರೆಯದವನು. ಎರಡು ವರ್ಷದಿಂದ ಅವನೇ ಅಪ್ಪನ ಜೋಡಿ. ದಾರಿಯುದ್ದಕ್ಕೂ ಏನಾದರೂ ವಟಗುಟ್ಟುತ್ತಲೇ ಇರುತ್ತಾನೆ ಎಂದು ಅಪ್ಪ ಮನೆಯಲ್ಲಿ ನಗುತ್ತಿದ್ದ. "ಚಾಚಾ, ಕಲ್ಲು ನೋಡ್ರಿ, ಚಾಚಾ, ಬಂಡಿ ಬಂತು" ಎನ್ನುವುದು ಆ ಹುಡುಗನ ಚಾಳಿ ಎಂದೇ ಅಪ್ಪ ತಿಳಿದಿದ್ದ.

"ಅಪ್ಪಗ ಯಾಕ ಹೇಳಿಲ್ರಿ?"

"ಹೇಳಿದ್ರ ಅವ ಸೈಕಲ್ ಇಳೀತಿದ್ದ." ಉಸ್ತಾದರು ಟ್ಯೂಬನ್ನು ನೀರಿನಿಂದ ಮೇಲೆತ್ತಿ ಹೇಳಿದರು: "ಅವ ಇಳದ್ರ ನನ್ನ ಪಾರ್ಟೀನೂ ಮುಗೀತು. ನಿನ್ನ ಮುಂದ ಸುಳ್ಳ್ಯಾಕ ಹೇಳ್ಲಿ? ನನ್ನ ಮತಲಬೂ ಇತ್ತು ಬೇಟಿ."

ಅಂದು ಸಂಜೆ, ಅವ್ವ ನೀರಿಗೆ ಹೋದಾಗ, ಅಪ್ಪನಿಗೆ ಎಲ್ಲ ಹೇಳಿದೆ. ಮಾತು ಮುರಿದುದಕ್ಕೆ ಹೊಡೆಯುತ್ತಾನೆ ಎಂದುಕೊಂಡಿದ್ದೆ. ಹೊಡೆಯಲಿಲ್ಲ. ತಟ್ಟೆಯಲ್ಲಿನ ಜೋಳದ ರೊಟ್ಟಿ ಗಟ್ಟಿಯಾಗುವವರೆಗೆ ಕುಳಿತೇ ಇದ್ದ. ಇಪ್ಪತ್ತೆರಡು ವರ್ಷದ ಸವಾರಿಯಲ್ಲಿ ಕೊನೆಯ ಎರಡು ವರ್ಷ ತನ್ನನ್ನು ಬೇರೆಯವರು ಕೈಹಿಡಿದು ನಡೆಸಿದ್ದರು ಎಂದು ತಿಳಿದಾಗ ಅವನಿಗೆ ಹೇಗಾಯಿತೋ, ಈಗಲೂ ನನಗೆ ಪೂರ್ತಿ ತಿಳಿಯದು.

ಎಂಟನೆಯ ದಿನ ಮುನೀಮ ಹೊಸ ಸೈಕಲ್ಲನ್ನು ಎತ್ತಿನ ಛಕಡಿಯಲ್ಲಿ ಹೇರಿಕೊಂಡೇ ಬಂದ. ಓಣಿಯವರೆಲ್ಲ ಅದನ್ನು ಮುಟ್ಟಿ ನೋಡುತ್ತಿದ್ದರು. ಅಪ್ಪ ಮುನೀಮನನ್ನು ಒಳಗೆ ಕರೆದು ಬಾಗಿಲು ಎಳೆದುಕೊಂಡ. "ಒಂದು ಮಾತದ್ರಿ. ನನಗ ಎಡಗಣ್ಣು ಕಾಣಂಗಿಲ್ಲ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

ಮುನೀಮ ಹೊರಗೊಮ್ಮೆ ನೋಡಿ ದನಿ ಇಳಿಸಿದ. "ಯಾರಿಗರೇ ಗೊತ್ತದ ಏನು? ಇಲ್ಲಂದ್ರ ಸುಮ್ಮನಿದ್ದುಬಿಡು. ಸಾಹುಕಾರ್ರಿಗಿ ನಿನ್ನ ಹೆಸರು ಬೇಕು. ಈ ಒಂದು ಪಂದ್ಯ ಆಗ್ಲಿ, ಆಮ್ಯಾಲ ಗಿರಣಿ ಇದ್ದೇ ಅದ."

"ನನ್ನ ಎಡಗಡಿ ಯಾರು ಬರ್ತಾರ್ರಿ?"

"ಎಡಗಡಿ ಯಾಕ ಬರ್ತಾರ? ನಿನ್ನ ಜೋಡಿ ನಿನ್ನ ಹಿಂದ ಬರ್ತಾನ."

"ಹಂಗಾದ್ರ ಆಗಂಗಿಲ್ರಿ. ನಾ ಉಸ್ತಾದ್ರ ಪಾರ್ಟ್ಯಾಗೇ ಇರ್ತೇನಿ."

ಛಕಡಿ ತಿರುಗಿ ಹೋಯಿತು. ಅವ್ವ ಹೊರಗೆ ಬಂದವಳು ಗಿರಣಿಯ ಸುದ್ದಿಯನ್ನೇ ಎತ್ತಲಿಲ್ಲ. "ನನ್ನ ಮುಂದ ಯಾಕ ಅನ್ನಲಿಲ್ರಿ?" ಎಂದಳು. ಅವಳು ನನ್ನತ್ತ ತಿರುಗಿದಳು. "ನಿನಗ ಗೊತ್ತಿತ್ತೇನು?" ನಾನು ಹೂಂ ಅಂದೆ. ಎರಡು ದಿನ ಅವಳು ನಮ್ಮಿಬ್ಬರೊಂದಿಗೂ ಮಾತು ಬಿಟ್ಟಳು. ಮೂರನೆಯ ದಿನ ಅಪ್ಪನ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ, "ಪಂದ್ಯದ ದಿನ ಹೊಳಿ ಇಳಿಜಾರಿಗಿ ನಾ ಬಂದು ನಿಂದರ್ತೇನಿ" ಎಂದಳು.

ಹೊಳೆಯ ಈಚೆ ದಂಡೆಯ ಹಳ್ಳಿಯಲ್ಲಿ ಅವ್ವನ ಅಕ್ಕನ ಮನೆಯಿತ್ತು. ಹಿಂದಿನ ದಿನವೇ ಹೋಗಿ, ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ದಂಡೆಗೆ ಬಂದು ನಿಂತೆವು. ಬಿಸಿಲೇರುತ್ತಿದ್ದಂತೆ ಜನ ಸೇರಿದರು. ಎದುರು ದಂಡೆಯ ಇಳಿಜಾರಿನಲ್ಲಿ ಬಂಡಿಗಳ ಗಾಲಿ ಹಾದು ಹಾದು ಮೊಣಕಾಲಾಳದ ತಗ್ಗುಗಳು ಬಿದ್ದಿದ್ದವು. ಅವ್ವ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬಳೆಯ ಗುರುತು ಮೂಡಿತ್ತು.

"ಬಂದ್ರು!" ಎಂದು ಯಾರೋ ಕೂಗಿದರು. ಎದುರು ದಿಬ್ಬದ ಮೇಲೆ ಧೂಳು. ಮೊದಲು ಕಂಡವನು ಅಪ್ಪ. ಅವನ ಎಡಗಡೆ ರಸೂಲ. ಸಂತಪುರ ದಾಟಿ ಬರುವಷ್ಟರಲ್ಲೇ ಭಾಲ್ಕಿಯವರನ್ನು ಹಿಂದೆ ಹಾಕಿದ್ದರು. ಇಬ್ಬರೂ ಜೊತೆಯಾಗಿಯೇ ಇಳಿಯತೊಡಗಿದರು. ಅರ್ಧ ಇಳಿದಿರಬೇಕು. ರಸೂಲನ ಮುಂದಿನ ಗಾಲಿ ಬಂಡಿಯ ಜಾಡಿನಲ್ಲಿ ಸಿಕ್ಕಿತು. ಅವನು ಸೈಕಲ್ಲಿನ ಮೇಲಿಂದ ಹಾರಿ, ಭುಜ ಊರಿ ಬಿದ್ದ.

ಅಪ್ಪ ನಿಲ್ಲಲಿಲ್ಲ.

ನೇರ ನೀರಿನವರೆಗೆ ಬಂದು, ಸೈಕಲ್ಲನ್ನು ಹೆಗಲಿಗೆ ಏರಿಸಿಕೊಂಡು ಹೊಳೆಗೆ ಇಳಿದ. ನಮ್ಮ ದಂಡೆಯ ಜನ "ನಿಲ್ಲು, ನಿಲ್ಲು" ಎಂದು ಕೂಗುತ್ತಿದ್ದರು. ನೀರಿನ ಸದ್ದಿನಲ್ಲಿ ಅದು ಅವನಿಗೆ ಹುರುಪಿನ ಕೂಗಿನಂತೆ ಕೇಳಿಸಿರಬೇಕು. ನಡು ಹೊಳೆಗೆ ಬಂದಾಗ ಅವನ ಮುಖ ನನಗೆ ಸ್ಪಷ್ಟವಾಗಿ ಕಂಡಿತು. ಎಡಕ್ಕೆ ಸ್ವಲ್ಪ ವಾಲಿ ಏನೋ ಹೇಳುತ್ತಿದ್ದ. ನೀರೊಳಗಿನ ಕಲ್ಲು ಜಾರುತ್ತವೆ, ಹುಷಾರು ಎಂದು ರಸೂಲನಿಗೆ ಹೇಳುತ್ತಿದ್ದನಂತೆ. ಅವನ ಎಡಗಡೆ ನೀರಲ್ಲದೆ ಬೇರೇನೂ ಇರಲಿಲ್ಲ.

ಆಗ ನನ್ನ ಪಕ್ಕದಲ್ಲೇ ಒಂದು ಕೂಗು ಎದ್ದಿತು.

"ಗುರಪ್ಪಾ!"

ಅವ್ವ ಜೀವಮಾನದಲ್ಲಿ ಅಪ್ಪನ ಹೆಸರು ಹಿಡಿದು ಕರೆದವಳಲ್ಲ. ಕರೆಯಬೇಕಾದರೆ ಬಳೆ ಸದ್ದು ಮಾಡುತ್ತಿದ್ದಳು, ಇಲ್ಲವೇ ನನ್ನ ಹೆಸರು ಕೂಗುತ್ತಿದ್ದಳು. ಈಗ ಸೆರಗು ಜಾರಿದ್ದೂ ತಿಳಿಯದೆ ನೀರಿಗಿಳಿದು, ನೂರಾರು ಜನರ ಮುಂದೆ ಮತ್ತೆ ಕೂಗಿದಳು. "ಗುರಪ್ಪಾ! ರಸೂಲ ಬಿದ್ದಾನ! ನಿಮ್ಮ ಎಡಗಡಿ ಯಾರಿಲ್ರಿ!"

ಅಪ್ಪ ನಿಂತ. ಇಡೀ ಮುಖವನ್ನು ಎಡಕ್ಕೆ ಹೊರಳಿಸಿ ನೋಡಿದ. ಆಗ ದಂಡೆಯ ಮೇಲಿದ್ದವರಿಗೆಲ್ಲ ತಿಳಿಯಿತು. ಗದ್ದಲ ಒಮ್ಮೆಲೇ ಅಡಗಿತು.

ಎದುರು ದಂಡೆಯಿಂದ ರಸೂಲ ಒಂದು ಕೈ ಎತ್ತಿ ಚೀರುತ್ತಿದ್ದ. "ಚಾಚಾ, ನೀವರೇ ಹೋಗ್ರಿ! ರುಮಾಲು ನಿಮಗೇ!" ಅಷ್ಟರಲ್ಲಿ ಭಾಲ್ಕಿಯ ಜೋಡಿ ದಿಬ್ಬದ ಮೇಲೆ ಕಾಣಿಸಿಕೊಂಡಿತು. ಅಪ್ಪನಿಗೆ ಇನ್ನು ಅರ್ಧ ಹೊಳೆ, ಆಮೇಲೆ ಬೀದರಿನವರೆಗೆ ಕಣ್ಣು ಮುಚ್ಚಿಕೊಂಡು ಹೋಗಬಹುದಾದಷ್ಟು ಪರಿಚಯದ ದಾರಿ. ಒಂದು ಗಳಿಗೆ ಅವನು ನಮ್ಮ ದಂಡೆಯ ಕಡೆಗೇ ನೋಡಿದ. ಆಸೆಯಾಗಿರಲಿಕ್ಕಿಲ್ಲ ಎಂದು ನಾನು ಹೇಳಲಾರೆ.

ಆಮೇಲೆ ತಿರುಗಿದ. ಭಾಲ್ಕಿಯವರು ನೀರಿನಲ್ಲಿ ಅವನ ಪಕ್ಕದಿಂದಲೇ ಹಾದುಹೋದರು. ರಸೂಲನ ಭುಜದ ಎಲುಬು ಮುರಿದಿತ್ತು. ಅಪ್ಪ ತನ್ನ ಧೋತರದ ಅಂಚು ಹರಿದು ತೋಳು ಕಟ್ಟಿದ. ಜನ ಹೋಗಿ ಸೈಕಲ್ಲುಗಳನ್ನು ತಂದರು. ಹುಡುಗನನ್ನು ಅಪ್ಪ ಬೆನ್ನ ಮೇಲೆ ಹೊತ್ತು ತಂದ.

ದೊಡ್ಡಮ್ಮನ ಛಕಡಿಯಲ್ಲಿ ಬೀದರಿಗೆ ಹೊರಟೆವು. ರಸೂಲ ಅವ್ವನ ತೊಡೆಯ ಮೇಲೆ ತಲೆಯಿಟ್ಟು ಬಿಕ್ಕುತ್ತಿದ್ದ. "ಎಡಗಡಿ ಬಿಡಬ್ಯಾಡ ಅಂದಿದ್ರು ಮಾಮೂ. ಬಿಟ್ಟೆ ಚಾಚಿ, ನಾ ಬಿಟ್ಟೆ." ಅವ್ವ ಅವನ ಕೂದಲಿನ ಧೂಳು ಕೊಡವುತ್ತ, "ಸುಮ್ನಿರಪ್ಪಾ, ನೀ ಎಲ್ಲಿ ಬಿಟ್ಟಿ" ಎನ್ನುತ್ತಿದ್ದಳು. ನಾವು ಊರು ಮುಟ್ಟಿದಾಗ ಇಳಿಹೊತ್ತು. ಜನ ಚೆದರಿದ್ದರು. ಪಂದ್ಯ ಮುಗಿಯುವ ಜಾಗದಲ್ಲಿ ಉಸ್ತಾದರು ಒಬ್ಬರೇ ನಿಂತಿದ್ದರು. ಅಪ್ಪ ಸೈಕಲ್ಲನ್ನು ಛಕಡಿಯಿಂದ ಇಳಿಸಿ ಅವರ ಎದುರು ನಿಲ್ಲಿಸಿ, "ಇಳಿದೆ ಉಸ್ತಾದ್" ಎಂದ. ಉಸ್ತಾದರು ಅವನ ಎರಡೂ ಕೈ ಹಿಡಿದುಕೊಂಡರು.

ಅಪ್ಪ ಮತ್ತೆ ಪಂದ್ಯಕ್ಕೆ ಹೋಗಲಿಲ್ಲ. ಭಾಲ್ಕಿಯ ಗಿರಣಿಯ ಕೆಲಸವಂತೂ ಹೋಗಿಯೇ ಹೋಗಿತ್ತು. ದುಕಾನಿನಲ್ಲಿ ಗಾಲಿ ಸರಿ ಮಾಡುತ್ತ, ಹೊಸಬರಿಗೆ ಕಲಿಸುತ್ತ ಉಳಿದ. ಎರಡು ವರ್ಷದ ನಂತರ ಅದೇ ಮುನೀಮ ರಸೂಲನನ್ನು ಕೇಳಿಕೊಂಡು ಬಂದಾಗ, "ಹೋಗು, ನಿನ್ನ ಕಣ್ಣು ಎರಡೂ ಛಲೋ ಅವ" ಎಂದು ನಕ್ಕು ಕಳಿಸಿಕೊಟ್ಟವನೂ ಅಪ್ಪನೇ. ಉಸ್ತಾದರಿಗೆ ಅದು ನೋವಾಯಿತು. ಕೆಲವು ದಿನ ಇಬ್ಬರಿಗೂ ಮಾತಿರಲಿಲ್ಲ. ಆಮೇಲೆ ಅದೂ ಸರಿಹೋಯಿತು. ಅವ್ವ ಮಾತ್ರ ಅಪ್ಪನ ಹೆಸರನ್ನು ಇನ್ನೊಮ್ಮೆ ಎತ್ತಲಿಲ್ಲ.

ಆಗೆಲ್ಲ ಬೀದರಿನಿಂದ ಭಾಲ್ಕಿಗೆ, ಔರಾದಿಗೆ ಯಾವ ದಾರಿಯಲ್ಲಿ ಹೋದರೂ, ಯಾವುದೋ ಹಳ್ಳಿಯ ಬಾಗಿಲಲ್ಲಿ ಯಾರೋ ತಡೆಯುತ್ತಿದ್ದರು. "ನೀ ಸೈಕಲ್ ಗುರಪ್ಪನ ಮಗಳಲ್ಲೇನು?" ಎಂದು ಒಳಗೆ ಕರೆದು ಮಜ್ಜಿಗೆ ಕೊಡುತ್ತಿದ್ದರು. ನನ್ನ ಮದುವೆಯಾಗಿ, ರಾಜ್ಯ ಬದಲಾಗಿ, ಅಪ್ಪ ತೀರಿಕೊಂಡ ಮೇಲೂ ಬಹಳ ವರ್ಷ ಹಾಗೆ ನಡೆಯಿತು. ಈಗ ಸೇತುವೆಯಾಗಿದೆ. ಹೊಳೆ ಬಂದದ್ದೂ ಹೋದದ್ದೂ ಬಸ್ಸಿನಲ್ಲಿ ಕುಳಿತವರಿಗೆ ತಿಳಿಯುವುದಿಲ್ಲ. ಮೊನ್ನೆ ಸಂತಪುರದಲ್ಲಿ ಬಸ್ಸು ನಿಂತಾಗ, ಇಳಿದು ಚಹಾ ಅಂಗಡಿಯಲ್ಲಿ ಕುಳಿತೆ. ಅಂಗಡಿಯಾಕೆ ಒಳ್ಳೆಯ ಹೆಂಗಸು. ಗ್ಲಾಸು ತೊಳೆದು ಚಹಾ ಕೊಟ್ಟು, "ಯಾರ ಮನಿಯವರ್ರಿ ಆಯೀ?" ಎಂದು ಕೇಳಿದಳು. ಅಪ್ಪನ ಹೆಸರು ಹೇಳಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, "ಗೊತ್ತಾಗ್ಲಿಲ್ರಿ" ಎಂದಳು.