ಪಗಾರದ ಬದಲಿಗೆ ಬಂದ ರಾಜದೂತ

ನಂದೂರಿನ ಒಂದು ಬೇಳೆ ಮಿಲ್ಲಿನವರು ಅಂಬಮ್ಮನಿಗೂ ಆಕೆಯ ಗಂಡ ಮರೆಪ್ಪನಿಗೂ ಹನ್ನೊಂದು ತಿಂಗಳ ಪಗಾರ ಕೊಡಬೇಕು. ಇಬ್ಬರದೂ ಸೇರಿ ನಲವತ್ತೇಳು ಸಾವಿರದ ಮುನ್ನೂರು ರೂಪಾಯಿ. ಎರಡು ಸಾವಿರದ ಆರನೇ ಇಸವಿಯ ಬಾಕಿ ಇದು. ಮರೆಪ್ಪ ಸತ್ತು ಏಳು ವರ್ಷವಾಯಿತು. ಕೊಡಬೇಕಾದ ಸಾಹುಕಾರನೂ ಕೊಡದೆಯೇ ಸತ್ತ.

ಈಗ ಆ ಸಾಹುಕಾರನ ಮಗ ಅಂಬಮ್ಮನಿಗೆ ವಕೀಲರ ಕಡೆಯಿಂದ ನೋಟಿಸು ಕಳಿಸಿದ್ದಾನೆ. ಬಾಕಿ ಕೊಡುತ್ತೇನೆ ಅಂತಲ್ಲ. ಕಮಲಾಪುರದಲ್ಲಿ ಆಕೆಯ ಮನೆ ಮುಂದೆ ನಿಂತಿರುವ ಹಳೆಯ ರಾಜದೂತ ಮೋಟಾರ್ ಸೈಕಲ್ ತನ್ನದಂತೆ, ಹದಿನೈದು ದಿನದೊಳಗೆ ತಂದು ಒಪ್ಪಿಸಬೇಕಂತೆ. ಆ ಗಾಡಿ ತುಕ್ಕು ಹಿಡಿದು ಬಿದ್ದಾಗ ಇವನು ಎಲ್ಲಿದ್ದ ಎಂದು ಕೇಳುವ ಮೊದಲು, ಅಂಬಮ್ಮ ಯಾರು ಎಂದು ಹೇಳಬೇಕು.

ಅಂಬಮ್ಮ ಹತ್ತೊಂಬತ್ತನೇ ವಯಸ್ಸಿಗೆ ಮಿಲ್ಲಿಗೆ ಹೋದಾಕೆ. ತೊಗರಿಗೆ ಎಣ್ಣೆ ಹಚ್ಚುವ ಕೆಲಸ. ತೊಗರಿಯ ಸಿಪ್ಪೆ ಸುಮ್ಮನೆ ಬಿಡುವುದಿಲ್ಲ. ಮೊದಲು ಕಾಳನ್ನು ಒರಟು ಕಲ್ಲಿನ ನಡುವೆ ಉರುಳಿಸಿ ಗೀರು ಬೀಳಿಸಬೇಕು. ಆಮೇಲೆ ಎಣ್ಣೆ ಹಚ್ಚಿ ರಾಶಿ ಹಾಕಿ ಮುಚ್ಚಬೇಕು, ಬಿಸಿಲಿಗೆ ಹರವಬೇಕು, ಸಂಜೆಗೆ ಮತ್ತೆ ರಾಶಿ ಮಾಡಬೇಕು. ಎಣ್ಣೆ ಸಿಪ್ಪೆಯ ಕೆಳಗೆ ಇಳಿಯುವ ತನಕ ಕಾಯಬೇಕು. ಅವಸರ ಮಾಡಿದರೆ ಬೇಳೆ ಆಗುವುದಿಲ್ಲ, ನುಚ್ಚಾಗುತ್ತದೆ. ನುಚ್ಚನ್ನು ಎಮ್ಮೆಗೆ ಹಾಕಬೇಕು. ಅಂಬಮ್ಮ ಒಂದು ಕಾಳನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಿ "ಇನ್ನೊಂದು ಬಿಸಿಲು ಬೇಕ್ರಿ" ಅಂದರೆ ಇಡೀ ಮಿಲ್ಲು ಒಂದು ದಿನ ಕಾಯುತ್ತಿತ್ತು. ಅಷ್ಟು ತಿಳಿದ ಹೆಂಗಸನ್ನು ಪಗಾರದ ಪುಸ್ತಕದಲ್ಲಿ "ಕಸ ಗುಡಿಸುವವಳು" ಎಂದು ಬರೆದಿದ್ದರು, ಯಾಕೆಂದರೆ ಕಸ ಗುಡಿಸುವವಳಿಗೆ ಕಡಿಮೆ ಕೊಟ್ಟರೆ ನಡೆಯುತ್ತದೆ. ಮರೆಪ್ಪ ಅದೇ ಮಿಲ್ಲಿನಲ್ಲಿ ಯಂತ್ರದ ಪಟ್ಟಾ ಬಿಗಿಯುವ, ಬೇರಿಂಗಿಗೆ ಗ್ರೀಸು ತುಂಬುವ ಕೆಲಸದಲ್ಲಿದ್ದ.

ಎರಡು ಸಾವಿರದ ಆರರಲ್ಲಿ ಮಿಲ್ಲು ಮುಚ್ಚಿತು. ಹನ್ನೊಂದು ತಿಂಗಳು "ನಾಳಿ ಬರ್ರಿ" ಎಂದು ದುಡಿಸಿಕೊಂಡು ಆಮೇಲೆ ಮುಚ್ಚಿದರು. ಕೆಲಸಗಾರರ ಸಂಘದ ನಾವು ಗೇಟಿನ ಹೊರಗೆ ಕುಳಿತಿದ್ದೆವು, ನಮ್ಮನ್ನು ಒಳಗೆ ಬಿಡಲಿಲ್ಲ. ಕೊನೆಯ ದಿನ ಒಳಗೆ ಕೆಲಸಗಾರರನ್ನು ಒಬ್ಬೊಬ್ಬರನ್ನಾಗಿ ಕರೆದು ಲೆಕ್ಕ ತೀರಿಸಿದರು. ಒಬ್ಬನಿಗೆ ತಕ್ಕಡಿ, ಒಬ್ಬಳಿಗೆ ಹತ್ತು ಖಾಲಿ ಚೀಲ, ಇನ್ನೊಬ್ಬನಿಗೆ ತಗಡಿನ ಬಾಗಿಲು. ಮರೆಪ್ಪನ ಸರದಿ ಬಂದಾಗ ಸಾಹುಕಾರ ಗೋದಾಮಿನ ಮೂಲೆಯಲ್ಲಿದ್ದ ರಾಜದೂತದ ಕೀಲಿ ತೆಗೆದು ಎಲ್ಲರ ಮುಂದೆ ಅವನ ಕೈಗೆ ಹಾಕಿದ.

"ರೊಕ್ಕ ಇಲ್ಲಪಾ ಮರೆಪ್ಪಾ. ಈ ಗಾಡಿ ಒಯ್ಯಿ. ನಿಂದೂ ನಿನ್ನ ಹೆಂಡತಿದೂ ಪಗಾರ ಇದರಾಗ ಮುಟ್ಟಿತು ಅಂತ ತಿಳಕೋ."

ಮುನೀಮ ಒಂದು ಕಾಗದ ಮುಂದಿಟ್ಟ. "ಎಲ್ಲ ಬಾಕಿ ಪೂರ್ತಿ ಮುಟ್ಟಿದೆ" ಎಂದು ಅದರಲ್ಲಿ ಮೊದಲೇ ಬರೆದಿತ್ತು. ಮರೆಪ್ಪ ಪೆನ್ನು ಹಿಡಿದಿದ್ದ. ಅಂಬಮ್ಮ ಅವನ ಮುಂಗೈ ಹಿಡಿದಳು.

"ಇದರ ಕಿಮ್ಮತ್ತು ಬರೀರಿ ಸಾಹುಕಾರ್ರ. ಆರು ಸಾವಿರ ಬಾಳತದ. ಆರು ಸಾವಿರ ಮುಟ್ಟ್ಯದ, ಉಳಿದದ್ದು ಬಾಕಿ ಅದ ಅಂತ ಬರೀರಿ. ಈಗ್ಲೇ ಸಹಿ ಮಾಡ್ತೀವಿ."

"ನಿನ್ನ ಹೆಂಡತಿ ಯಾವಾಗ ವಕೀಲಕಿ ಆದಳೋ ಮರೆಪ್ಪಾ?"

"ಪಗಾರ ಕೊಟ್ಟಿದ್ದರ ಆಗ್ತಿದ್ದಿಲ್ರಿ" ಎಂದಳು ಅಂಬಮ್ಮ.

ಸಹಿ ಮಾಡದಿದ್ದರೆ ಗಾಡಿಯ ಕಾಗದ ಹೆಸರಿಗೆ ಮಾಡಿಕೊಡುವುದಿಲ್ಲ ಎಂದ ಸಾಹುಕಾರ. ಹೀಗೆ ಕೀಲಿ ಬಂತು, ಆರ್‌ಸಿ ಬರಲಿಲ್ಲ. ಅಂದು ಸಹಿ ಮಾಡಿದ್ದರೆ ಇವತ್ತು ತಕರಾರೇ ಇರುತ್ತಿರಲಿಲ್ಲ ಎಂದು ಬುದ್ಧಿ ಹೇಳುವವರು ಈಗ ಕಮಲಾಪುರದಲ್ಲಿ ಬಹಳ ಜನ. ನಲವತ್ತೇಳು ಸಾವಿರವನ್ನು ಆರು ಸಾವಿರಕ್ಕೆ ಮಾರಿಕೊಳ್ಳುವುದಕ್ಕೆ ಇವರು ಬುದ್ಧಿ ಎನ್ನುತ್ತಾರೆ.

ಗಂಡ ಹೆಂಡತಿ ಕಮಲಾಪುರಕ್ಕೆ ವಾಪಸು ಬಂದರು. ಕೆಂಪು ಬಾಳೆಯ ತೋಟಗಳಲ್ಲಿ ಗೊನೆ ಹೊರುವ ಕೆಲಸ ಸಿಕ್ಕಿತು. ಮರೆಪ್ಪ ಒಂಬತ್ತು ವರ್ಷ ಆ ರಾಜದೂತದ ಎರಡೂ ಮಗ್ಗುಲಿಗೆ ಗೊನೆ ಕಟ್ಟಿ ಕಲಬುರಗಿಯ ಮಾರ್ಕೆಟ್ಟಿಗೆ ಹೊಡೆದ. ಒಂದು ಬೇಸಿಗೆಯಲ್ಲಿ ಪೆಟ್ರೋಲಿಗೆ ಎಣ್ಣೆ ಬೆರೆಸುವುದು ಕಡಿಮೆಯಾಗಿ ಇಂಜಿನ್ ಕಚ್ಚಿಕೊಂಡಿತು. ಕಿಕ್ ಹೊಡೆದರೆ ಕಾಲು ಮುರಿಯಬೇಕು, ಅದು ಅಲುಗುವುದಿಲ್ಲ. ರಿಪೇರಿಗೆ ಕೂಡಿಡುವುದರೊಳಗೆ ಮರೆಪ್ಪನಿಗೆ ದಮ್ಮು ಜಾಸ್ತಿಯಾಯಿತು. ಬೇಳೆಯ ಧೂಳು ಕುಡಿದ ಎದೆ. ಅವನು ಹೋದ. ಗಾಡಿ ಹಿತ್ತಲಿನ ಚಪ್ಪರದ ಕೆಳಗೆ ಉಳಿಯಿತು. ಅದರ ಸೀಟಿನ ಮೇಲೆ ಕೋಳಿ ಮೊಟ್ಟೆ ಇಡುತ್ತಿತ್ತು.

ಅದನ್ನು ಎಬ್ಬಿಸಲು ನಿಂತವಳು ಮಗಳು ರಾಜೇಶ್ರೀ. ಐಟಿಐಯಲ್ಲಿ ಮೋಟಾರು ಗಾಡಿಗಳ ಮೆಕ್ಯಾನಿಕ್ ಕೋರ್ಸು ಪಾಸಾದ ಹುಡುಗಿ. ಕಲಬುರಗಿಯಲ್ಲಿ ಏಳು ಗ್ಯಾರೇಜು ತಿರುಗಿದಳು. "ಹುಡುಗಿ ಕೈಯಾಗ ಪಾನಾ ಕೊಟ್ಟರ ಗಿರಾಕಿ ಬರಂಗಿಲ್ಲ" ಎಂದರು. ಒಬ್ಬ ರಸೀದಿ ಬರೆಯುವ ಕೆಲಸ ಕೊಡುತ್ತೇನೆ ಎಂದ. ಕೊನೆಗೆ ಕಮಲಾಪುರದಲ್ಲಿ ಬೆಳೆಗೆ ಔಷಧಿ ಹೊಡೆಯುವ ಪಂಪು ರಿಪೇರಿ ಮಾಡುವ ಅಂಗಡಿಯಲ್ಲಿ ಕೆಲಸಕ್ಕೆ ನಿಂತಳು. ಅಲ್ಲಿ ದುಡಿಯುತ್ತಲೇ ಆಕೆಗೆ ಒಂದು ಮಾತು ಹೊಳೆಯಿತು. ಪಂಪು ಕೆಟ್ಟ ರೈತ ಅರ್ಧ ದಿನ ಕಳೆದು ಅಂಗಡಿಗೆ ಬರುತ್ತಾನೆ. ಅದರ ಬದಲು ತಾನೇ ಸಾಮಾನು ಕಟ್ಟಿಕೊಂಡು ಹೊಲಕ್ಕೆ ಹೋದರೆ ಸ್ವಂತ ದಂಧೆ ಆಗುತ್ತದೆ. ಅದಕ್ಕೆ ಗಾಡಿ ಬೇಕು. ಹೊಸ ಗಾಡಿ ಲಕ್ಷದ ಮಾತು.

"ಹಿತ್ತಲದಾಗ ಒಂದು ಅದಲ್ಲ" ಎಂದಳು ತಾಯಿ.

"ಯವ್ವಾ, ಅದು ಗಾಡಿ ಅಲ್ಲ, ಕೋಳಿ ಗೂಡು."

"ಕೋಳಿ ನಾ ಎಬ್ಬಸ್ತೀನಿ. ಇಂಜಿನ್ ನೀ ಎಬ್ಬಸು."

ರಾಜೇಶ್ರೀ ರವಿವಾರ ರವಿವಾರ ಕೂತಳು. ಕಚ್ಚಿಕೊಂಡ ಪಿಸ್ಟನ್ ಬಿಡಲೇ ಇಲ್ಲ. ಕಲಬುರಗಿಯಲ್ಲಿ ಕೋಟೆಯ ಹತ್ತಿರ ಬುರ್ಹಾನುದ್ದೀನ್ ಎಂಬ ಹಳೆಯ ಮಿಸ್ತ್ರಿ ಇದ್ದಾರೆ. ಹುಡುಗಿ ಎಂದು ಮುಖ ತಿರುಗಿಸದ ಒಬ್ಬರೇ ಅವರು. ತಾಯಿ ಮಗಳು ಇಬ್ಬರೂ ಬಸ್ಸಿನಲ್ಲಿ ಹೋಗಿ ಕೇಳಿದರು.

"ಹತೋಡಿ ಹಾಕಬೇಕು ಬೇಟಾ" ಎಂದು ಸುತ್ತಿಗೆ ಎತ್ತಿ ತೋರಿಸಿದರು ಬುರ್ಹಾನುದ್ದೀನ್. "ಬಿಟ್ಟರ ಬಿಡ್ತದ. ಬ್ಲಾಕ್ ಒಡದರ ಖೇಲ್ ಖತಮ್. ರಾಜದೂತದ ಬ್ಲಾಕ್ ಈಗ ಎಲ್ಲಿ ಸಿಗ್ತದ?"

ಅಂಬಮ್ಮ ಮುಂದೆ ಬಂದಳು. "ಪಿಸ್ಟನ್ ಅದರ ಗ್ವಾಡಿಗೆ ಅಂಟಿಕೊಂಡದ, ಹೌದಲ್ರಿ ಭಾಯಿ?"

"ಹೌದವ್ವಾ."

"ತೊಗರಿ ಸಿಪ್ಪಿ ಅಂಟಿಕೊಂಡಂಗ."

ಮಿಸ್ತ್ರಿ ನಕ್ಕರು. "ಇದು ಕಬ್ಬಿಣರೀ ಅವ್ವಾ."

"ಕಬ್ಬಿಣಾದ್ರ ಎರಡು ಬಿಸಿಲು ಜಾಸ್ತಿ ಬೇಕಾಗ್ತದ, ಅಷ್ಟೇ."

ಮನೆಗೆ ಬಂದು ಆಕೆ ಮಗಳ ಕೈಯಲ್ಲಿ ಪ್ಲಗ್ ಬಿಚ್ಚಿಸಿದಳು. ಆ ತೂತಿನಿಂದ ಇಂಜಿನ್ ಎಣ್ಣೆಗೆ ಸೀಮೆಎಣ್ಣೆ ಕೂಡಿಸಿ ಹೊಯ್ಯಿಸಿದಳು. ತೂತಿಗೆ ಬಟ್ಟೆ ತುರುಕಿ ಗಾಡಿಯನ್ನು ಅಂಗಳಕ್ಕೆ ದೂಡಿ ಬಿಸಿಲಿಗೆ ನಿಲ್ಲಿಸಿದಳು. ಸಂಜೆಗೆ ಗೋಣಿಚೀಲ ಹೊದಿಸಿದಳು. ಬೆಳಿಗ್ಗೆ ಮತ್ತೆ ಎಣ್ಣೆ, ಮತ್ತೆ ಬಿಸಿಲು. ಮೂರನೇ ದಿನ ರಾಜೇಶ್ರೀ ಕಿಕ್ ಮೇಲೆ ಕಾಲಿಟ್ಟಳು.

"ಕಾಲು ತೆಗಿ. ನುಚ್ಚು ಮಾಡ್ತಿ."

"ಎಷ್ಟು ದಿನ ಕಾಯಬೇಕು ಯವ್ವಾ?"

"ಬಿಡೂತನ."

ಆರನೇ ದಿನ ಅಂಬಮ್ಮನೇ ಗೇರಿಗೆ ಹಾಕಿಸಿ ಹಿಂದಿನ ಗಾಲಿಯನ್ನು ಎರಡೂ ಕೈಯಿಂದ ಹಿಡಿದು ಮಗು ತೂಗುವ ಹಾಗೆ ಹಿಂದೆ ಮುಂದೆ ತೂಗಿದಳು. ಕೂದಲೆಳೆಯಷ್ಟು ಸರಿಯಿತು. ಇನ್ನೊಮ್ಮೆ ಎಣ್ಣೆ ಬಿಟ್ಟು, ಮಧ್ಯಾಹ್ನ ಮತ್ತೆ ತೂಗಿದಾಗ ಒಂದು ಬೆರಳಷ್ಟು. ಸಂಜೆಯೊಳಗೆ ಗಾಲಿ ಪೂರ್ತಿ ತಿರುಗಿತು, ಬ್ಲಾಕಿಗೆ ಒಂದು ಬಿರುಕೂ ಬೀಳದೆ. ಬುರ್ಹಾನುದ್ದೀನ್ ಅದನ್ನು ಬೋರಿಂಗ್ ಮಾಡಿ ದೊಡ್ಡ ಅಳತೆಯ ಪಿಸ್ಟನ್ ಹಾಕಿಕೊಟ್ಟರು. "ನಲವತ್ತು ವರ್ಷದಾಗ ನನ್ನ ಹತೋಡಿ ಸುಳ್ಳು ಮಾಡಿದಾಕಿ ನೀವೇ ಮೊದಲು" ಎಂದು ಕೂಲಿಯಲ್ಲಿ ಐನೂರು ಬಿಟ್ಟರು.

ಉಳಿದದ್ದು ಐದು ತಿಂಗಳ ಕೆಲಸ. ಟ್ಯಾಂಕಿನೊಳಗಿನ ತುಕ್ಕು ತೆಗೆಯಲು ಅಂಬಮ್ಮ ಅದರಲ್ಲಿ ಸಣ್ಣ ಹರಳು, ವಾಷಿಂಗ್ ಸೋಡಾ, ನೀರು ಹಾಕಿ, ತೊಡೆಯ ಮೇಲಿಟ್ಟುಕೊಂಡು ಜರಡಿ ಹಿಡಿದ ಹಾಗೆ ಆಡಿಸಿದಳು. ಕೆಂಪು ನೀರು ಹೋಗಿ ತಿಳಿ ನೀರು ಬರುವ ತನಕ ದಿನಾ ಆಡಿಸಿದಳು. ಗಾಡಿ ಮೊದಲ ಸಲ ಶುರುವಾಗಿ ಮನೆ ಮುಂದೆ ಓಡಿದಾಗ ಓಣಿಯವರೆಲ್ಲ ಚಪ್ಪಾಳೆ ಹೊಡೆದರು. ಆಕೆ ಮಾತ್ರ ತಲೆ ವಾರೆ ಮಾಡಿ ಕೇಳಿ "ಮುಂದಿನ ಗಾಲಿ ಬೇರಿಂಗ್ ಅಳಲಾಕತ್ತದ" ಎಂದಳು. ಬಿಚ್ಚಿ ನೋಡಿದರೆ ಒಂದು ಗುಂಡು ಒಡೆದಿತ್ತು.

ತಪ್ಪು ಆದದ್ದು ಬಣ್ಣ ಹೊಡೆಯುವಾಗ. ಪಾನಾ ಇಡುವ ಪೆಟ್ಟಿಗೆಯ ಮುಚ್ಚಳ ಉಜ್ಜಿದಾಗ ತುಕ್ಕಿನ ಕೆಳಗೆ ಮಿಲ್ಲಿನ ಹೆಸರು ಕಂಡಿತು. ರಾಜೇಶ್ರೀ ಅಳಿಸಲು ಹೋದಳು.

"ಅಳಿಸಬ್ಯಾಡ" ಎಂದಳು ತಾಯಿ. "ಕೊಡಬೇಕಾದವನ ಹೆಸರು ಅಳಿಸಿದರ ನಾಳಿ ಯಾರಿಗೆ ಕೇಳೂದು?"

ಆ ಅಕ್ಷರಗಳ ಮೇಲೆ ಹೊಸದಾಗಿ ಬಿಳಿ ಬಣ್ಣ ತೀಡಿಸಿದಳು. ಆಕೆಗೆ ಅದು ಸಾಲದ ಗುರುತು. ನೋಡಬಾರದವನು ನೋಡಿದ.

ಸಾಹುಕಾರನ ಮಗ ವಿವೇಕಾನಂದ ಹುಮನಾಬಾದ್ ರಸ್ತೆಯಲ್ಲಿ ದೊಡ್ಡ ಹೋಟೆಲು ಇಟ್ಟಿದ್ದಾನೆ. ಬಾಗಿಲಲ್ಲಿ ಬೀಸುವ ಕಲ್ಲು, ಬಂಡಿಯ ಗಾಲಿ, ನೊಗ ಎಲ್ಲ ತೂಗುಹಾಕಿ ಮೇಲೆ ಹಳದಿ ಬಲ್ಬು ಹಚ್ಚಿದ್ದಾನೆ. ಆ ಕಲ್ಲು ಬೀಸಿದವರು ಒಳಗೆ ಹೋಗಿ ಚಹಾ ಕುಡಿಯುವಂತಿಲ್ಲ, ಒಂದಕ್ಕೆ ಅರವತ್ತು ರೂಪಾಯಿ. ಸಂತೆಯ ದಿನ ರಾಜೇಶ್ರೀ ಗಾಡಿಯನ್ನು ಬಸ್ ಸ್ಟ್ಯಾಂಡಿನ ತನಕ ಓಡಿಸಿ ನೋಡಿದಳು. ಇವನ ಕಾರು ಅಲ್ಲೇ ನಿಂತಿತ್ತು. ಮರುದಿನ ಒಂದು ಟೆಂಪೋ, ಇಬ್ಬರು ಆಳು, ಕೈಯಲ್ಲಿ ಪ್ಲಾಸ್ಟಿಕ್ ಹೊದಿಸಿದ ಆರ್‌ಸಿ ಹಿಡಿದು ಮನೆಗೇ ಬಂದ.

"ಅಂಬಮ್ಮಾ, ಇದು ನಮ್ಮ ಅಪ್ಪಾರ ಗಾಡಿ. ಹೆಸರೂ ಅದರ ಮ್ಯಾಲ ಅದ. ನೀವು ಚೊಲೋ ಇಟ್ಟೀರಿ, ಅದಕ್ಕ ಹದಿನೈದು ಸಾವಿರ ಕೊಡ್ತೀನಿ. ಅಪ್ಪಾರ ನೆನಪಿಗೆ ಹೋಟೆಲದಾಗ ಇಡಬೇಕಂತ ಮಾಡೀನಿ."

"ಆತ್ರೀ ಸಣ್ಣ ಸಾಹುಕಾರ್ರ, ಗಾಡಿ ನಿಮ್ದೇ" ಎಂದಳು ಅಂಬಮ್ಮ. ಮಗಳು ಗಾಬರಿಯಿಂದ ನೋಡಿದಳು. "ನಿಮ್ದು ಅಂದ್ರ ನಮಗ ಕೊಟ್ಟಿಲ್ಲಂತ ಆತು. ಕೊಟ್ಟಿಲ್ಲಂದ್ರ ಹನ್ನೊಂದು ತಿಂಗಳ ಪಗಾರ ಒಂದು ರೂಪಾಯಿನೂ ಮುಟ್ಟಿಲ್ಲ. ಇಪ್ಪತ್ತು ವರ್ಷದ ಬಡ್ಡಿ ಕೂಡಿಸಿ ಇಲ್ಲಿ ಇಡ್ರಿ, ಟೆಂಪೋಕ್ಕ ನಾನೇ ಏರಿಸಿಕೊಡ್ತೀನಿ."

"ಪಗಾರದ ಮಾತು ಈಗ್ಯಾಕ? ಪಗಾರದ ಬದಲಿಗೆ ಅಪ್ಪ ಆಗಲೇ ಗಾಡಿ ಕೊಟ್ಟಾರಲ್ಲ."

ಕಟ್ಟೆಯ ಮೇಲೆ ಕುಳಿತಿದ್ದ ಮುದುಕಿಯೊಬ್ಬಳು ಬಾಯಿಗೆ ಸೆರಗು ಹಿಡಿದಳು. "ಕೊಟ್ಟಾರಂತ, ಮತ್ತ ಒಯ್ಯಲಾಕ ಬಂದಾರಂತ" ಎಂದು ಟೆಂಪೋದ ಡ್ರೈವರೇ ಮುಖ ಆಚೆ ಮಾಡಿ ನಕ್ಕ. ವಿವೇಕಾನಂದ ಕೆಂಪಾಗಿ ಕಾರು ಹತ್ತಿದ. ಹತ್ತು ದಿನಕ್ಕೆ ನೋಟಿಸು ಬಂತು. ಅದರಲ್ಲಿ ಬರೆದದ್ದೇ ಬೇರೆ: ಗಾಡಿಯನ್ನು ಮರೆಪ್ಪನಿಗೆ ಕಾಯಲು ಬಿಟ್ಟಿದ್ದರಂತೆ, ಪಗಾರಕ್ಕೂ ಅದಕ್ಕೂ ಸಂಬಂಧವಿಲ್ಲವಂತೆ, ಪಗಾರದ ಬಾಕಿ ಎಂಬುದೇ ಇರಲಿಲ್ಲವಂತೆ.

ಕಮಲಾಪುರದ ಓದಿದವರು ಬಂದು ಹೇಳುತ್ತಿದ್ದಾರೆ: ಕಾಗದ ಅವರ ಹೆಸರಿನಲ್ಲಿದೆ, ಹದಿನೈದು ಸಾವಿರ ಇಸಕೊಂಡು ಬಿಡಿ. ತುಕ್ಕು ಬೀಳುವಾಗ ಬಾರದ ಮಾಲೀಕ ಹೊಳಪು ಬಂದಾಗ ಬಂದರೆ ಅವನಿಗೆ ಕುರ್ಚಿ ಹಾಕುವುದು ನಮ್ಮ ಓದಿದವರ ಚಾಳಿ. ಹೊಟ್ಟೆ ಉರಿಯುವುದು ಸಾಹುಕಾರರ ಮೇಲೆ ಅಲ್ಲ, ಅವರು ಯಾವಾಗಲೂ ಹಾಗೆಯೇ. ಇವರ ಮೇಲೆ. ರಾಜೇಶ್ರೀ ಸಾಮಾನಿನ ಪೆಟ್ಟಿಗೆ ಮಾಡಿಸಿ ಇಟ್ಟಿದ್ದಾಳೆ, ಎಂಟು ಹಳ್ಳಿಯ ರೈತರು ಫೋನು ಮಾಡುತ್ತಿದ್ದಾರೆ, ಅಂಗಳದಲ್ಲಿ ಓಡುವ ಗಾಡಿ ಇದೆ. ಆದರೆ ನೋಟಿಸು ಬಂದ ಮೇಲೆ ಹೆಸರಿಗೆ ಆಗದೆ ರಸ್ತೆಗೆ ಇಳಿಸುವಂತಿಲ್ಲ.

ನಮ್ಮ ವಕೀಲರು ಹೇಳುವುದು ಒಂದೇ: ಮಗ ಅಂಬಮ್ಮನ ಮನೆ ಮುಂದೆ ಬಾಯಿತಪ್ಪಿ ಆಡಿದ್ದು ಸಾಲದು. ಆ ದಿನ ಸಾಹುಕಾರ ಕೀಲಿ ಕೊಟ್ಟು ಏನು ಅಂದ ಎಂಬುದನ್ನು ಕಿವಿಯಾರೆ ಕೇಳಿದವರು ಬರೆದುಕೊಡಬೇಕು. ಗೇಟಿನ ಹೊರಗಿದ್ದ ನಮ್ಮ ಮಾತು ನಡೆಯುವುದಿಲ್ಲ. ಒಳಗೆ ಮಿಲ್ಲಿನ ಅಂಗಳದಲ್ಲಿ ನೀವು ಮೂವತ್ತೆಂಟು ಕೆಲಸಗಾರರು ಇದ್ದಿರಿ. ನಿಮ್ಮಲ್ಲಿ ಹಲವರು ಈಗಲೂ ನಂದೂರಿನ ಬೇರೆ ಮಿಲ್ಲುಗಳಲ್ಲಿ ಇದ್ದೀರಿ, ಸಂಘದ ಈ ಪತ್ರಿಕೆ ನಿಮ್ಮ ಚಹಾದಂಗಡಿಗೂ ಬರುತ್ತದೆ. ಈಗಿನ ಮಾಲೀಕನಿಗೆ ಗೊತ್ತಾದರೆ ಕೆಲಸ ಹೋದೀತು ಎಂಬ ಹೆದರಿಕೆ ನಮಗೂ ತಿಳಿಯುತ್ತದೆ. ಹೆದರಿಕೊಂಡೇ ಬನ್ನಿ. ಇದೇ ಇಪ್ಪತ್ತೆರಡನೇ ತಾರೀಖಿನೊಳಗೆ ಕಮಲಾಪುರದ ಸಂತೆ ಬಯಲಿನ ಹಿಂದಿರುವ ಅಂಬಮ್ಮನ ಮನೆಗೆ ಬಂದು, ಕೇಳಿದ್ದನ್ನು ಕೇಳಿದ ಹಾಗೆ ಹೇಳಿ, ಕೆಳಗೆ ನಿಮ್ಮ ಹೆಸರು ಹಾಕಿ. ನೀವು ಆ ಮೂವತ್ತೆಂಟರಲ್ಲಿ ಒಬ್ಬರಲ್ಲದಿದ್ದರೆ, ಅವರಲ್ಲಿ ಒಬ್ಬರನ್ನು ಹುಡುಕಿ ಕರೆದುಕೊಂಡು ಬನ್ನಿ.