ಗಿಣಿಹಸಿರು ಸೀರೆ

ನಮ್ಮ ರಾಯಚೂರಿನ ಬಟ್ಟೆ ಅಂಗಡಿಯಲ್ಲಿ ಸೇಲ್ಸಿನ ಹೆಂಗಸರಿಗೆಲ್ಲ ಒಂದೇ ಬಣ್ಣದ ಸೀರೆ, ಹಣೆಗೆ ಕುಂಕುಮ, ಕೈತುಂಬ ಬಳೆ, ತಲೆಗೆ ಹೂವು. ಅದು ಮಾಲೀಕರ ಕಟ್ಟಪ್ಪಣೆ. ಗಂಡ ತೀರಿಕೊಂಡ ಮೇಲೆ ನಾನು ಮಾನ್ವಿಯಿಂದ ಕೆಲಸ ಕೇಳಿಕೊಂಡು ಹೋದಾಗ ಅವರು ನನ್ನ ಬೋಳು ಹಣೆ ನೋಡಿ, ಒಳಗೆ ಬಂದ ಮೇಲೆ ಎಲ್ಲರ ಹಾಗೇ ಇರಬೇಕು ಅಂದರು. ಅವರಿಗೆ ಶಾಸ್ತ್ರಕ್ಕಿಂತ ವ್ಯಾಪಾರ ಚೆನ್ನಾಗಿ ಗೊತ್ತು. ಅಂದಿನಿಂದ ಬೆಳಿಗ್ಗೆ ಅಂಗಡಿಯ ಹಿಂದಿನ ಕನ್ನಡಿ ಮುಂದೆ ಮುತ್ತೈದೆಯಾಗುತ್ತಿದ್ದೆ. ಸಂಜೆ ಬಸ್ಸು ಮಾನ್ವಿ ತಲುಪುವುದರೊಳಗೆ ಕುಂಕುಮ ಒರೆಸಿ, ಹೂವು ಬಳೆ ತೆಗೆದು ಚೀಲಕ್ಕೆ ಹಾಕುತ್ತಿದ್ದೆ, ಅತ್ತೆಯ ಕಣ್ಣಿಗೆ ಬೀಳಬಾರದಿತ್ತಲ್ಲ. ಸುಳ್ಳು ಯಾಕೆ ಹೇಳಲಿ, ಆ ಹಗಲುಗಳು ನನಗೆ ಇಷ್ಟವಾಗಿದ್ದವು.

ನನಗೆ ಸಿಕ್ಕಿದ್ದು ಮದುವೆ ಸೀರೆಯ ಕೌಂಟರು. ಅಲ್ಲಿ ಸೀರೆಯನ್ನು ಹರವಿ ತೋರಿಸಿದರೆ ಸಾಲದು, ಹೆಗಲ ಮೇಲೆ ಹೊದ್ದು, ನೆರಿಗೆ ಹಿಡಿದು ನಿಲ್ಲಬೇಕು. ಗಿರಾಕಿ ಕರಗುವುದು ಆಗಲೇ.

ಒಂದು ದಿನ ದೇವದುರ್ಗದ ಒಂದು ಮನೆಯವರು ಬಸ್ತಾ ತೆಗೆಸಲು ಬಂದರು. ಮದುವೆಯ ಬಟ್ಟೆ ಕೊಳ್ಳುವುದಕ್ಕೆ ನಮ್ಮ ಕಡೆ ಹಾಗನ್ನುತ್ತಾರೆ. ಮದುಮಗಳು ನನ್ನ ಮೈಮೇಲಿದ್ದ ಗಿಣಿಹಸಿರು ಸೀರೆ ನೋಡಿ, ಕೊಂಡರೆ ಇದನ್ನೇ ಕೊಳ್ಳಬೇಕು ಎಂದು ಹಟ ಹಿಡಿದಳು. ಅವಳ ತಾಯಿಗೆ ನಾನೂ ಹಿಡಿಸಿಬಿಟ್ಟೆ. ಸೀರೆಗೆ ಮೊದಲ ಕುಂಕುಮ ನನ್ನ ಕೈಯಿಂದಲೇ ಹಚ್ಚಿಸಬೇಕೆಂದು ಪರ್ಸಿನಿಂದ ಡಬ್ಬಿ ತೆಗೆದರು. ತೆಗೆಯುತ್ತ ಹಾಗೇ ಮಾತಿಗೆ ಕೇಳಿದರು.

"ನಿಮ್ಮ ಮನಿಯವ್ರು ಏನ್ ಮಾಡ್ತಾರವ್ವಾ?"

ಎಲ್ಲೋ ಕೆಲಸದಲ್ಲಿದ್ದಾರೆ ಅನ್ನಬಹುದಿತ್ತು. ಹಣೆಗೆ ಕುಂಕುಮ ಹಚ್ಚಿಕೊಳ್ಳುವುದು ಬೇರೆ, ಸತ್ತವನನ್ನು ಬಾಯಲ್ಲಿ ಬದುಕಿಸುವುದು ಬೇರೆ. ಅದು ನನ್ನಿಂದಾಗಲಿಲ್ಲ.

"ಇಲ್ರೀ, ತೀರಿಕೊಂಡಾರ."

ಡಬ್ಬಿ ಮತ್ತೆ ಪರ್ಸಿಗೆ ಹೋಯಿತು. ಆ ತಾಯಿ ಕೆಟ್ಟವರಲ್ಲ, ಅವರ ಕಣ್ಣಲ್ಲಿ ನೀರೂ ಬಂತು. ಆದರೆ ಸೀರೆಯನ್ನು ಬೆರಳ ತುದಿಯಿಂದ ಆಚೆ ಸರಿಸಿ, ಇಂಥದ್ದೇ ಇನ್ನೊಂದು, ಯಾರೂ ಹೊದೆಯದ್ದು ಕೊಡಿ ಅಂದರು. ಮಗಳ ಮುಖ ಬಾಡಿಹೋಯಿತು.

ಆ ಬಣ್ಣದಲ್ಲಿ ಇನ್ನೊಂದು ಇರಲಿಲ್ಲ. ನೋಡಿ ಬರುತ್ತೇನೆ ಎಂದು ಅದನ್ನೇ ಗೋದಾಮಿಗೆ ಒಯ್ದೆ. ಅಲ್ಲಿ ನಾವು ದಿನಾ ಮಾಡುವುದನ್ನೇ ಮಾಡಿದೆ. ಹರವಿದ ಸೀರೆಯನ್ನು ಹಳೆಯ ಗೆರೆಗೇ ಮಡಿಸಿ, ಕೈಯಿಂದ ಒತ್ತಿ, ಹೊಸ ಕವರಿನಲ್ಲಿಟ್ಟೆ. ಜೊತೆಗೆ ಕೆಲಸ ಮಾಡುವ, ಗಂಡನಿದ್ದ ಒಬ್ಬಳ ಕೈಯಲ್ಲಿ ಅದನ್ನು ಕೊಟ್ಟು ಕಳಿಸಿ, ಬಾಗಿಲ ಸಂದಿಯಿಂದ ನೋಡುತ್ತ ನಿಂತೆ.

ಮದುಮಗಳು ಸೆರಗನ್ನು ಕೆನ್ನೆಗೆ ಒತ್ತಿಕೊಂಡಳು. ತಾಯಿ ಜೊತೆಯವಳಿಂದ ಕುಂಕುಮ ಹಚ್ಚಿಸಿ, ಸಮಾಧಾನದಿಂದ ಮಗಳಿಗೆ ಹೇಳಿದರು.

"ನೋಡು, ಆ ಸೀರಿಗಿಂತ ಈ ಸೀರಿಗೆ ಎಷ್ಟ್ ಕಳಿ ಅದ."

ಬಟ್ಟೆ ಗಂಟುಗಳ ನಡುವೆ ಕುಳಿತು, ಬಾಯಿಗೆ ಸೆರಗು ತುರುಕಿಕೊಂಡು ಅತ್ತುಬಿಟ್ಟೆ. ಬಳೆ ತೆಗೆಯುವುದಕ್ಕೆ ಅವತ್ತು ಮಾನ್ವಿಯವರೆಗೆ ಕಾಯಲಿಲ್ಲ.